ಗುರುಮಠಕಲ್ ಬಸ್ಸೇರಿದ ಬಯಕೆ ಬುತ್ತಿ

ಆ ಭಾನುವಾರ ಬೆಳಿಗ್ಗೆ ಯಾದಗಿರಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾವು ಇಬ್ಬರಿದ್ದೆವು, ನಡುವೆ ಒಂದು ಗಂಟು. ಒಂದು ತುದಿಗೆ ನಾನು, ಸುರಪುರದಲ್ಲಿರುವ ಚಿಕ್ಕಮ್ಮನನ್ನು ನೋಡಲು ಹೊರಟವಳು. ಇನ್ನೊಂದು ತುದಿಗೆ ಬಿಳಿ ಧೋತರ ಉಟ್ಟು ಹೆಗಲಿಗೆ ಟವೆಲ್ಲು ಹಾಕಿಕೊಂಡಿದ್ದ, ಅರವತ್ತರ ಆಸುಪಾಸಿನ ಒಬ್ಬ ರೈತರು. ಹಣೆಯ ವಿಭೂತಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಗಂಟಿನ ಮೇಲೆ ಹೊಚ್ಚ ಹೊಸ ಹಸಿರು ಖಣ ಹೊದಿಸಿದ್ದರು. ಅವರ ಒಂದು ಕೈ ಸದಾ ಅದರ ಮೇಲೇ ಇತ್ತು, ಮಲಗಿದ ಕೂಸನ್ನು ತಟ್ಟುವವರ ಹಾಗೆ.

ನಾನು ಒಬ್ಬಳೇ ಬಸ್ಸು ಹತ್ತುವುದನ್ನು ನಮ್ಮ ಮನೆಯಲ್ಲಿ ಹುಚ್ಚು ಎನ್ನುತ್ತಾರೆ. ಎನ್ನಲಿ. ಜೊತೆಗೆ ಮನೆಯವರಿದ್ದರೆ ಮನೆಯ ಮಾತೇ ಬಸ್ಸು ಹತ್ತಿ ಕೂಡುತ್ತದೆ: ನೀರಿನ ಟಾಕಿ ತುಂಬಿತ್ತಾ, ಹಿಂದಿನ ಬಾಗಿಲ ಚಿಲಕ ಹಾಕಿದೆಯಾ. ಒಬ್ಬಳೇ ಇದ್ದರೆ ಪಕ್ಕದ ಸೀಟಿಗೆ ಯಾರು ಬರುತ್ತಾರೋ ಗೊತ್ತಿರುವುದಿಲ್ಲ, ಅದೇ ಅದರ ರುಚಿ. ಈ ಚಾಳಿ ನನಗೆ ಅಜ್ಜಿಯಿಂದ ಬಂದದ್ದು. ಅವಳು ಕೆಂಭಾವಿ ಸಂತೆಗೆ ಹೋಗಿ ಬರುವಷ್ಟರಲ್ಲಿ ಅವಳಿಗೆ ಇಬ್ಬರು ಹೊಸ ತಂಗಿಯರೂ ಒಬ್ಬ ಅಣ್ಣನೂ ಆಗಿರುತ್ತಿದ್ದರು. ತರಬೇಕಾಗಿದ್ದ ಉಳ್ಳಾಗಡ್ಡಿ ಒಮ್ಮೊಮ್ಮೆ ಮರೆತಿರುತ್ತಿತ್ತು. ಯಾರನ್ನು ಕಂಡರೂ ಅವಳ ಮೊದಲ ಮಾತು ಒಂದೇ, ಊರು ಕೇಳುವುದು. ನಾನು ಮಾತು ಕಲಿತದ್ದು ಅವಳ ಸೆರಗು ಹಿಡಿದು. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ.

"ಯಾವೂರಾತ್ರಿ ಅಣ್ಣಾರ?"

"ಹತ್ತಿಕುಣಿರಿ. ಸುರಪುರಕ್ಕ ಮಗಳ ಮನಿಗೆ ಹೊಂಟೀನಿ. ಇವತ್ತು ಕುಬಸ ಅದರಿ."

ಹಸಿರು ಖಣದ ಅರ್ಥ ಆಗ ಹೊಳೆಯಿತು. ಬಸಿರು ಹೆಂಗಸಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡುವಾಗ ತವರಿನಿಂದ ಬಯಕೆ ಬುತ್ತಿ ಹೋಗಬೇಕು. ಅವಳು ಬಯಸಿದ್ದು, ತಾಯಿ ತನ್ನ ಕೈಯಾರೆ ಮಾಡಿದ್ದು. ಮಧ್ಯಾಹ್ನ ಮೂರಕ್ಕೆ ಓಣಿಯ ಹೆಂಗಸರು ಸೇರಿ ಆರತಿ ಮಾಡುತ್ತಾರೆ, ಅಷ್ಟರೊಳಗೆ ಇದು ಮುಟ್ಟಬೇಕು ಎಂದರು. ಇಂಥ ಬುತ್ತಿ ಹೊತ್ತು ಗಂಡಸೊಬ್ಬ ಒಂಟಿಯಾಗಿ ಹೋಗುವುದನ್ನು ನಾನು ನೋಡಿರಲಿಲ್ಲ. ಹೆಂಗಸರು ಯಾರೂ ಬರಲಿಲ್ಲವೇ ಎಂದೆ. ನೆರೆಮನೆಯವರು ಬರುವವರಿದ್ದರು, ಆದರೆ ಹತ್ತಿ ಬಿಡಿಸುವ ಸುಗ್ಗಿ, ಹೊಲ ಬಿಟ್ಟು ಬರಲಾಗಲಿಲ್ಲ ಎಂದರು. ಹೆಂಡತಿ? ತೀರಿಹೋಗಿ ಎರಡು ವರ್ಷವಾಗಿತ್ತು.

ಆಮೇಲೆ ಅವರೇ ಮಾತೆತ್ತಿದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕೆಂದು ಮಗಳಿಗೆ ಆಸೆ. ಬೀಗರಿಗೆ ಮನಸ್ಸಿಲ್ಲ. ಕೆಟ್ಟ ಮಂದಿಯಲ್ಲ ಅವರು, ಕೇಳುವುದರಲ್ಲಿ ನ್ಯಾಯವೂ ಇದೆ: ತಾಯಿ ಇಲ್ಲದ ಮನೆಗೆ ಬಾಣಂತಿಯನ್ನು ಹೇಗೆ ಕಳಿಸುವುದು, ಹೊತ್ತು ಹೊತ್ತಿಗೆ ಬೇಯಿಸಿ ಹಾಕುವವರು ಯಾರು? ಇವತ್ತು ಕುಬಸ ಮುಗಿದ ಮೇಲೆ ಬೀಗತಿಯ ಹತ್ತಿರ ಇನ್ನೊಮ್ಮೆ ಕೇಳಿ ನೋಡಬೇಕು ಎಂದುಕೊಂಡು ಹೊರಟಿದ್ದರು.

"ಹ್ಞೂಂ ಅಂತಾರೋ ಉಹ್ಞೂಂ ಅಂತಾರೋ ಗೊತ್ತಿಲ್ರಿ," ಎಂದರು, ಗಂಟಿನ ಮೇಲಿನ ಕೈ ತೆಗೆಯದೆ.

ಅಷ್ಟರಲ್ಲಿ ಬಸ್ಸು ಬಂತು. ಇನ್ನು ಮುಂದಿನದು ನನ್ನ ತಪ್ಪು, ಇದರಲ್ಲಿ ಅವರದೇನೂ ಇಲ್ಲ. ಹೆಂಗಸರಿಗೆ ಟಿಕೆಟ್ಟಿಲ್ಲದ ಮೇಲೆ ಭಾನುವಾರದ ಬಸ್ಸೆಂದರೆ ನಿಮಗೂ ಗೊತ್ತು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜನ ಜೋತುಬಿದ್ದಿದ್ದರು. ಸುರಪುರಕ್ಕೆ ಶಹಾಪುರದಲ್ಲಿ ಇಳಿದು ಬಸ್ಸು ಬದಲಿಸಬೇಕು. ಅವರು ನನ್ನನ್ನು ಕೇಳಿದರು, ಇದು ಶಹಾಪುರದ ಗಾಡಿಯೇನ್ರಿ ಎಂದು. ನಾನು ಬೋರ್ಡು ನೋಡಿದೆ. ಮೊದಲ ಶಬ್ದವೇ ಶಹಾಪುರ ಎಂದಿತ್ತು. ಅಲ್ಲಿಗೇ ಓದು ಮುಗಿಸಿ ಹೌದ್ರಿ, ಇದೇ ಎಂದೆ.

ನಮ್ಮ ಕಡೆ ಸೀಟು ಸಿಗುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಟವೆಲ್ಲೋ ಚೀಲವೋ ಒಳಗೆ ಹೋಯಿತೆಂದರೆ ಆ ಸೀಟು ಅದರ ಒಡೆಯರದು. ಕಲೆಕ್ಟರ್ ಸಾಹೇಬರೇ ಬಂದರೂ ಅದನ್ನು ಸರಿಸುವಂತಿಲ್ಲ. ಗಂಟು ಒಳಗೆ ಒಗೆಯಿರಿ ಎಂದು ನಾನೇ ಅವಸರ ಮಾಡಿದೆ. ಅವರಿಗೆ ಒಗೆಯಲು ಮನಸ್ಸು ಬರಲಿಲ್ಲ. ಒಳಗಿದ್ದ ಒಬ್ಬ ಹೆಂಗಸು ಕಿಟಕಿಯಿಂದ ಕೈ ಚಾಚಿದಳು. ಬುರ್ಖಾದ ತೋಳು, ಮಣಿಕಟ್ಟಿನ ತುಂಬ ಗಾಜಿನ ಬಳೆ, ನಮಗೆ ಕಂಡದ್ದು ಅಷ್ಟೇ. ಆ ಕೈಗೆ ಗಂಟು ಕೊಟ್ಟು ನಾನು ಹೇಳಿದೆ:

"ಸೀಟ ಹಿಡೀರಿ ಆಪಾ, ಬಂದ್ವಿ."

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕಂಡಕ್ಟರು ಗುರುಮಠಕಲ್, ಗುರುಮಠಕಲ್ ಎಂದು ಕೂಗುತ್ತಿದ್ದ. ನಾನು ಗಾಬರಿಯಾಗಿ ಹಿಂದೆ ಸರಿದು ಬೋರ್ಡನ್ನು ಪೂರ್ತಿ ಓದಿದೆ: ಶಹಾಪುರ, ಯಾದಗಿರಿ, ಗುರುಮಠಕಲ್. ಬಸ್ಸು ಶಹಾಪುರದಿಂದ ಬಂದದ್ದು, ಅಲ್ಲಿಗೆ ಹೋಗುವುದಲ್ಲ. ನಾವು ಪಡುವಣಕ್ಕೆ ಹೊರಟವರು, ಅದು ಮೂಡಲಕ್ಕೆ. ತಿರುಗಿ ಕಿಟಕಿಯ ಕಡೆ ಓಡಬೇಕೆಂದರೆ ಬಸ್ಸು ಆಗಲೇ ಹೊರಟಿತ್ತು. ಅವರು ಧೋತರ ಎತ್ತಿ ಹಿಡಿದು ಗೇಟಿನವರೆಗೂ ಓಡಿದರು. ಡ್ರೈವರಿಗೆ ಕಾಣಲಿಲ್ಲ.

ಅವರು ತಿರುಗಿ ಬಂದಾಗ ನನಗೆ ಮುಖ ಎತ್ತಲಾಗಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಅವರು ಬಯ್ಯಲಿಲ್ಲ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು, ಈಗ ಏನು ಮಾಡೋಣ್ರಿ ಅಕ್ಕಾರ ಎಂದು ನನ್ನನ್ನೇ ಕೇಳಿದರು.

ಕಂಟ್ರೋಲರ್ ಕೋಣೆಗೆ ಹೋದೆವು. ಅಲ್ಲಿದ್ದವರು ನಮ್ಮ ಕಥೆಯನ್ನು ಪೂರ್ತಿ ಕೇಳಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನೀವು ಏನು ಮಾಡಿಕೊಂಡಿದ್ದೀರಿ ಎಂದು ವಿಚಾರಿಸಿದರು. ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ ಎಂದೆ. ಎಂಥ ಉತ್ತರ ಕೊಟ್ಟೆನೆಂದು ಕೊಟ್ಟ ಮೇಲೆ ಗೊತ್ತಾಯಿತು.

"ಮಕ್ಕಳಿಗೂ ಮೊದಲ್ನೇ ಶಬ್ದ ಓದಿ ಬಿಡಾಕ ಹೇಳ್ತೀರೇನ್ರಿ ಟೀಚರಮ್ಮಾ?"

ಹೀಗೆ ಚುಚ್ಚುತ್ತಲೇ ಅವರು ಫೋನು ಎತ್ತಿದ್ದರು. ಆ ಬಸ್ಸಿನ ಕಂಡಕ್ಟರು ಸಿಗುವುದಕ್ಕೆ ನಾಲ್ಕು ಸಲ ಹಚ್ಚಬೇಕಾಯಿತು. ಸಿಕ್ಕ ಮೇಲೆ ಕಂಟ್ರೋಲರು ಬಹಳ ಹೊತ್ತು ಹ್ಞೂಂ ಹ್ಞೂಂ ಎನ್ನುತ್ತಾ ಕೇಳಿದರು, ನಡುನಡುವೆ ನಕ್ಕರು. ಫೋನಿಟ್ಟು ಹೇಳಿದ ಸುದ್ದಿ ಹೀಗಿತ್ತು: ಬಸ್ಸಿನಲ್ಲಿ ಮೂವತ್ತು ಜನ ನಿಂತಿದ್ದಾರೆ, ನಿಮ್ಮ ಗಂಟು ಕಿಟಕಿ ಪಕ್ಕ ಕೂತು ಹೊರಟಿದೆ. ಒಬ್ಬ ಬೀಬಿ ಅದರ ಮೇಲೆ ಕೈಯಿಟ್ಟು ಯಾರಿಗೂ ಮುಟ್ಟಗೊಡುತ್ತಿಲ್ಲ. ಗಂಟನ್ನು ಮೇಲೆ ಹಲಗೆಗೆ ಹಾಕಿ ಎಂದ ಕಂಡಕ್ಟರನ ಜೊತೆಗೂ ಜಗಳವಾಗಿದೆ. ಒಡೆಯರು ಹಿಂದಿನ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾರೆ, ಬರುತ್ತಾರೆ ಎನ್ನುವುದೊಂದೇ ಅವಳ ಮಾತು.

ದಾರಿಯಲ್ಲಿ ಆ ಕಡೆಯಿಂದ ಬರುವ ಬಸ್ಸು ಎದುರಾದಾಗ ಗಂಟನ್ನು ಅದಕ್ಕೆ ದಾಟಿಸುವುದು ಎಂದು ನಿಶ್ಚಯವಾಯಿತು. ಹನ್ನೊಂದೂವರೆಗೆ ಬರಬಹುದು. ನಾವು ಮತ್ತೆ ಕಲ್ಲುಬೆಂಚಿಗೆ ಬಂದು ಕೂತೆವು. ಮೂರು ಗಂಟೆಯ ಲೆಕ್ಕ ಇಬ್ಬರ ತಲೆಯಲ್ಲೂ ಓಡುತ್ತಿತ್ತು.

ಮಗಳ ಫೋನು ಬಂತು. ಎಲ್ಲಿಗೆ ಬಂದಿ ಎಂದು ಕೇಳಿರಬೇಕು. ಕುಂತೀನವ್ವಾ, ಕುಂತೀನಿ ಎಂದರು. ಫೋನು ಕಿಸೆಗೆ ಹಾಕಿ ನನ್ನ ಕಡೆ ನೋಡಿ, ಸುಳ್ಳಲ್ರಿ, ಕುಂತೀನಲ್ಲ ಎಂದು ಕಲ್ಲುಬೆಂಚು ತಟ್ಟಿ ತೋರಿಸಿದರು. ನಗು ಬಂತು ಇಬ್ಬರಿಗೂ. ಆ ನಗುವಿನಲ್ಲೇ ಎಲ್ಲೋ ಅವರ ಮನಸ್ಸು ಸಡಿಲಾಯಿತು ಎಂದು ಕಾಣುತ್ತದೆ. ಬುತ್ತಿಯಲ್ಲಿ ಏನೇನಿದೆ ಎಂದು ಕೇಳಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕರಿಗಡಬು, ಮತ್ತೆ ಹುಳಿ ಸೊಪ್ಪಿನ ಪುಂಡಿಪಲ್ಯ. ಮಗಳು ಬಾಯಿಬಿಟ್ಟು ಕೇಳಿದ್ದು ಪುಂಡಿಪಲ್ಯ ಒಂದೇ, ಅವ್ವ ಮಾಡುತ್ತಿದ್ದಂಥದು.

"ಯಾರು ಮಾಡಿದ್ರಿ ಮತ್ತ?"

"ಮನಿ ಬಾಜೂದವ್ರು ಮಾಡಿಕೊಟ್ರು," ಎಂದರು. ಆಮೇಲೆ ನೆಲ ನೋಡುತ್ತಾ, "ಇಲ್ರಿ. ನಾನs ಮಾಡೀನಿ. ಯಾರ ಮುಂದೂ ಅನಬ್ಯಾಡ್ರಿ."

ನೆರೆಮನೆಯವರು ಮಾಡಿಕೊಡಲು ಬಂದದ್ದು ನಿಜ. ಆದರೆ ಅವರ ಪುಂಡಿಪಲ್ಯಕ್ಕೆ ಬೇಳೆ ಬೀಳುತ್ತದೆ. ಇವರ ಹೆಂಡತಿ ಜೋಳದ ನುಚ್ಚು ಹಾಕುತ್ತಿದ್ದಳು, ಕೊನೆಗೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ಒಗ್ಗರಣೆ ಕೊಡುತ್ತಿದ್ದಳು. ಹೊಲದಿಂದ ಬಂದು ಒಲೆಯ ಪಕ್ಕ ಕೂತು ಅವಳ ಜೊತೆ ಮಾತಾಡುವುದು ಇವರ ರೂಢಿ. ಮೂವತ್ತು ವರ್ಷ ಹಾಗೆ ಕೂತವರಿಗೆ ಕೈ ಹಾಕದೆಯೂ ಅಡುಗೆ ಗೊತ್ತಾಗಿತ್ತು, ಆದರೆ ಹಾಗೆ ಗೊತ್ತಾಗಿದೆ ಎನ್ನುವುದು ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಹೊಟ್ಟೆಪಾಡಿಗೆ ಒಲೆ ಹಚ್ಚಿದಾಗ ಒಂದೊಂದೇ ನೆನಪಿಗೆ ಬಂತಂತೆ. ಎರಡು ವರ್ಷದಿಂದ ರೊಟ್ಟಿಯನ್ನೂ ತಾವೇ ಬಡಿಯುತ್ತಾರೆ. ಊರಲ್ಲಿ ಕೆಲವರಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಯಾರೋ ಮಾಡಿಕೊಡುತ್ತಾರೆ ಎಂದೇ ಅವಳ ಹತ್ತಿರ ಹೇಳಿಕೊಂಡು ಬಂದಿದ್ದಾರೆ.

"ನಸುಕಿನ್ಯಾಗ ಎದ್ದು ಮಾಡೀನ್ರಿ. ಮೊದಲ್ನೇ ಗಡಗಿ ತಳಾ ಹತ್ತಿತ್ತು. ಎರಡನೇದು ಛಲೋ ಬಂದದ, ಅನಸ್ತದ."

ಮುಚ್ಚಿಡುವುದು ಯಾಕೆ ಎಂದೆ. ಬೀಗರ ಮನೆಯಲ್ಲಿ ಹೆಂಗಸರು ನಗುತ್ತಾರೆ, ಅದೂ ಕುಬಸದ ದಿನ, ಮಗಳಿಗೆ ಅವಮಾನ ಎಂದರು. ನಾನು ಏನೋ ಸಮಾಧಾನ ಹೇಳಿದೆ. ಅದು ಅವರಿಗೂ ನಾಟಲಿಲ್ಲ, ನನಗೂ ನೆನಪಿಲ್ಲ.

ಹನ್ನೊಂದೂವರೆ ದಾಟಿತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಗುರುಮಠಕಲ್ ಕಡೆಯ ಬಸ್ಸು ಒಳಗೆ ಬಂತು. ಕಂಡಕ್ಟರು ಗಂಟು ಹಿಡಿದುಕೊಂಡು ಇಳಿಯುತ್ತಾನೆ ಎಂದು ನಾವು ಬಾಗಿಲಿಗೆ ಹೋಗಿ ನಿಂತರೆ, ಗಂಟನ್ನು ಎದೆಗವಚಿಕೊಂಡು ಇಳಿದವಳು ಆ ಬಳೆಯ ಕೈಯವಳು. ಮುಖ ನೋಡಿದ್ದು ಆಗಲೇ. ನನ್ನ ವಾರಿಗೆಯವಳು, ಬುರ್ಖಾದ ಮುಸುಕು ಹಿಂದಕ್ಕೆ ಸರಿದಿತ್ತು, ಬೆವರಿನಲ್ಲಿ ತೊಯ್ದಿದ್ದಳು. ಸುತ್ತ ಒಮ್ಮೆ ಕಣ್ಣಾಡಿಸಿ ನನ್ನ ಮುಂದೆ ಬಂದು ನಿಂತಳು.

"ಸೀಟ ಹಿಡೀರಿ ಅಂದಿದ್ದು ನೀವs ಅಲ್ಲ? ಹಿಡ್ದೀನಿ ನೋಡ್ರಿ. ನಿಮ್ಮ ಸಲುವಾಗಿ ಅರ್ಧಾ ಬಸ್ಸಿನ ಜೋಡಿ ದುಶ್ಮನಿ ಕಟ್ಕೊಂಡೆ."

ಕಿಟಕಿಯಿಂದಲೇ ನನ್ನ ಮುಖ ನೋಡಿಟ್ಟುಕೊಂಡಿದ್ದಳು. ಗುರುಮಠಕಲ್ಲಿನಲ್ಲಿರುವ ಅಕ್ಕನ ಮನೆಗೆ ಹೊರಟವಳು ಅವಳು. ದಾರಿಯಲ್ಲಿ ಎರಡೂ ಬಸ್ಸು ಅಕ್ಕಪಕ್ಕ ನಿಂತಾಗ ಗಂಟನ್ನು ಎದುರು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಆದರೆ ಅವನು ಅದನ್ನು ಇಂಜಿನ್ನಿನ ಪಕ್ಕ ನೆಲದ ಮೇಲೆ ಇಡಲು ಹೋದನಂತೆ. ಖಣ ಹೊದ್ದ ಬುತ್ತಿ, ಬಸಿರು ಹೆಣ್ಣುಮಗಳು ತಿನ್ನುವುದು, ಜನರ ಕಾಲ ಕೆಳಗೆ ಇಡುವುದೇ ಎಂದು ಇವಳೂ ಇಳಿದು, ಆ ಬಸ್ಸು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ನಿಮ್ಮ ಅಕ್ಕ ಕಾಯುತ್ತಾರಲ್ಲ ಎಂದರೆ, ಅಕ್ಕ ಎಲ್ಲಿಗೂ ಓಡಿಹೋಗುವುದಿಲ್ಲ, ಪುಂಡಿಪಲ್ಯ ಹಳಸಿದರೆ ತಿರುಗಿ ಬರುತ್ತದೆಯೇ ಎಂದಳು. ಪುಂಡಿಪಲ್ಯ ಎಂದು ಹೇಗೆ ಗೊತ್ತಾಯಿತು ಎಂದರೆ ಮೂಗು ಮುಟ್ಟಿ ತೋರಿಸಿದಳು.

ಅವರು ಎರಡೂ ಕೈ ಚಾಚಿ ಗಂಟು ಇಸಕೊಂಡರು. ಅವಳು ಅವರನ್ನೂ ಗಂಟನ್ನೂ ಒಮ್ಮೆ ನೋಡಿದಳು.

"ಭಾಯೀ, ಇದನ್ನ ಕಟ್ಟಿದವ್ರು ಯಾರ್ರಿ?"

ಅವರು ನನ್ನ ಕಡೆ ನೋಡಿದರು.

"ಹೆಣ್ಮಕ್ಕಳು ಬುತ್ತಿ ಕಟ್ಟಿದ್ರ ಎರಡು ತುದಿ ಹಿಡ್ದು ಎಳದ್ರ ಬಿಚ್ಚತದ. ಇದು ಹತ್ತಿ ಅಂಡಗಿ ಕಟ್ಟೋ ಗಂಟು. ದಾರ್ಯಾಗ ಒಂದೀಟು ಸಡಿಲ ಮಾಡಿ ಗಾಳಿ ಆಡಸೋಣ ಅಂದ್ರ ನನ್ನ ಉಗುರು ಮುರೀತು."

ನಾನೂ ಆಗಲೇ ಅದನ್ನು ಗಮನಿಸಿದ್ದು. ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದೆ, ಕಂಡಿರಲಿಲ್ಲ. ಹೊಲದಲ್ಲಿ ಹತ್ತಿಯನ್ನು ಒತ್ತಿ ತುಂಬಿ ಅಂಡಗಿ ಚೀಲದ ಬಾಯಿ ಕಟ್ಟುವಾಗ ಹಾಕುವ ಗಂಟು ಅದು, ಎರಡು ಸುತ್ತು ಹಾಕಿ ಒಳಗೆ ಸಿಕ್ಕಿಸಿದ್ದು, ಎಳೆದಷ್ಟೂ ಬಿಗಿಯುತ್ತದೆ. ಅಡುಗೆಯನ್ನು ಹೆಂಡತಿಯ ಕೈಯಂತೆ ಮಾಡಿ, ಕಟ್ಟುವಾಗ ಮಾತ್ರ ತಮ್ಮ ಕೈಯ ಗುರುತನ್ನು ಬಿಟ್ಟುಬಿಟ್ಟಿದ್ದರು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಅವರು ಎಲ್ಲವನ್ನೂ ಹೇಳಿಬಿಟ್ಟರು: ಅಡುಗೆ ತಮ್ಮದು, ಬೀಗರ ಮನೆಯಲ್ಲಿ ನೆರೆಮನೆಯವರ ಹೆಸರು ಹೇಳುವುದೆಂದು ಮಾಡಿದ್ದು, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವ ಆಸೆ, ಬಾಣಂತಿಗೆ ಬೇಯಿಸಿ ಹಾಕುವವರು ಯಾರು ಎಂಬ ಬೀಗತಿಯ ಪ್ರಶ್ನೆ.

ಆಪಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಕೇಳಿ ಮುಗಿಸಿ ಸ್ವಲ್ಪ ಬೇಸರದಿಂದಲೇ ಎಂಬಂತೆ ತಲೆ ಆಡಿಸಿದಳು.

"ನೆರೆಮನಿಯವ್ರು ಮಾಡ್ಯಾರ ಅಂದ್ರ ಅವ್ರೇನಂತಾರ? ನೆರೆಮನಿಯವ್ರು ಒಂದಿನ ಮಾಡ್ಯಾರು, ನಲವತ್ತು ದಿನ ಯಾರು ಮಾಡ್ತಾರ ಅಂತಾರ. ಅವ್ರು ಕೇಳಾಕತ್ತಿದ್ದಕ್ಕ ಜವಾಬು ನಿಮ್ಮ ಕೈಯಾಗ ಅದ ಭಾಯಿ. ಅದನ್ನs ಮುಚ್ಚಿಡ್ತೀರಿ."

ನಾನು ಎರಡು ತಾಸು ಪಕ್ಕದಲ್ಲಿ ಕೂತು ಮಾತಾಡಿದವಳು. ನನಗೆ ಇದು ಹೊಳೆದಿರಲಿಲ್ಲ. ಅವರು ಗಂಟನ್ನು ನೋಡುತ್ತಾ ನಿಂತರು. ನಗ್ತಾರ್ರಿ ಎಂದರು ಮೆಲ್ಲಗೆ. ನಗಲಿ, ನಕ್ಕೋತ ತಿನ್ನಲಿ ಎಂದಳು ಅವಳು.

ಅವರು ಬುತ್ತಿ ಬಿಚ್ಚಿ ಅವಳಿಗೊಂದು ರೊಟ್ಟಿ ಕೊಡಲು ಹೋದರು. ಹುಡುಗಿಗಿಂತ ಮೊದಲು ತಾನು ತಿನ್ನುವುದಿಲ್ಲ ಎಂದು ಅವರ ಕೈ ಹಿಂದಕ್ಕೆ ತಳ್ಳಿದಳು. ಗುರುಮಠಕಲ್ ಬಸ್ಸು ಮತ್ತೆ ಹೊರಡುತ್ತಿತ್ತು. ಹತ್ತುವ ಮೊದಲು ನನ್ನ ಫೋನ್ ನಂಬರು ಬರೆಸಿಕೊಂಡಳು. ಅವಳದನ್ನೂ ಆ ರೈತರದನ್ನೂ ನಾನು ಬರೆದುಕೊಂಡೆ. ಈ ಸಲ ಅವಳಿಗೆ ಸೀಟು ಸಿಗಲಿಲ್ಲ, ಕಂಬ ಹಿಡಿದು ನಿಂತೇ ಹೋದಳು.

ನಮಗೆ ಶಹಾಪುರದ ಬಸ್ಸು ಸಿಕ್ಕಿತು. ನಾನು ಕಂಡಕ್ಟರನನ್ನು ಎರಡು ಸಲ ಕೇಳಿ ಹತ್ತಿದೆ. ಭೀಮಾ ಸೇತುವೆ ದಾಟುವಾಗ ಅವರು ತುಟಿ ಅಲುಗಿಸುತ್ತಿದ್ದರು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನೋಡಿದರೆ, ಬೀಗತಿಯ ಮುಂದೆ ಹೇಗೆ ಹೇಳುವುದೆಂದು ರೂಢಿ ಮಾಡಿಕೊಳ್ಳುತ್ತಿದ್ದರು. ಶಹಾಪುರದಲ್ಲಿ ಇಳಿದು ಸುರಪುರದ ಬಸ್ಸು ಹತ್ತುವಷ್ಟರಲ್ಲಿ ಒಂದೂವರೆ ದಾಟಿತ್ತು. ಸುರಪುರದಲ್ಲಿ ಇಳಿದಾಗ ಎರಡೂವರೆ. ತಡವಾದದ್ದು ನನ್ನಿಂದ ಎಂದು ಹೇಳುವುದಕ್ಕಾದರೂ ನಾನು ಬರಬೇಕೆಂದರು. ನಿಜ ಹೇಳುತ್ತೇನೆ, ಕರೆಯದಿದ್ದರೂ ನಾನು ಹೋಗುತ್ತಿದ್ದೆ.

ಅಂಗಳದ ತುಂಬ ಹೆಂಗಸರು. ಮಗಳು ಹಸಿರು ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು, ಅಪ್ಪನನ್ನು ಕಂಡೊಡನೆ ಗಂಟಿಗೆ ಕೈ ಹಾಕಿದಳು. ಬಿಚ್ಚಲು ಆಗಲಿಲ್ಲ. ಅಪ್ಪನೇ ಬಿಚ್ಚಿಕೊಟ್ಟರು. ಆರತಿಯಾಗಿ ಉಡಿ ತುಂಬಿದ ಮೇಲೆ ಎಲೆ ಹಾಕಿ ಬುತ್ತಿ ಬಡಿಸಿದರು. ಬೀಗತಿ ದಪ್ಪ ಕುಂಕುಮದ, ಗಟ್ಟಿ ದನಿಯ ಹೆಂಗಸು. ಪುಂಡಿಪಲ್ಯವನ್ನು ಬೆರಳಿಂದ ಮುಟ್ಟಿ ನೋಡಿ ನುಚ್ಚು ಹಾಕ್ಯಾರಲ್ಲ, ಯಾರು ಮಾಡ್ಯಾರಿದು ಎಂದರು.

ಅವರು ಟವೆಲ್ಲನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡರು.

"ನಾನs ಮಾಡೀನ್ರಿ. ಎರಡು ವರ್ಷಾತು, ಮನಿಯಾಗ ಎಲ್ಲಾ ನಾನs ಮಾಡ್ತೀನಿ. ಬಾಣಂತಿಗೂ ಮಾಡ್ತೀನಿ."

ಮೂಲೆಯಲ್ಲಿ ಯಾರೋ ಇಬ್ಬರು ಸೆರಗು ಬಾಯಿಗೆ ಒತ್ತಿ ನಕ್ಕರು. ಮಗಳು ನಗಲಿಲ್ಲ. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದವಳು ಹಾಗೇ ಕೈ ನಿಲ್ಲಿಸಿ ಅಪ್ಪನನ್ನು ನೋಡಿದಳು. ಆಮೇಲೆ ತಲೆ ಬಗ್ಗಿಸಿಕೊಂಡು ತಿನ್ನತೊಡಗಿದಳು. ಬೇರೆ ಯಾವುದನ್ನೂ ಮುಟ್ಟಲಿಲ್ಲ, ಡಬ್ಬಿಯಲ್ಲಿದ್ದ ಪುಂಡಿಪಲ್ಯವನ್ನಷ್ಟೂ ಹಾಕಿಸಿಕೊಂಡಳು. ಕಡೆಗೆ ಉಳಿದ ಒಂದು ತುತ್ತನ್ನು ಬೀಗತಿ ರೊಟ್ಟಿಗೆ ಹಚ್ಚಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು.

"ಉಪ್ಪು ಒಂದೀಟು ಮುಂದಾಗೇದ ಬೀಗರ," ಎಂದರು. "ಬಾಣಂತಿಗೆ ಇಷ್ಟು ನಡ್ಯಂಗಿಲ್ಲ."

ಅದು ಹ್ಞೂಂ ಎಂಬುದೋ ಉಹ್ಞೂಂ ಎಂಬುದೋ ನಮಗೆ ಯಾರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯ ಅವರಿಗೂ ಬರಲಿಲ್ಲ. ನಾನು ಎಲೆಯಡಿಕೆ ತೆಗೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಬೆಳಿಗ್ಗೆ ಬರುತ್ತೇನೆಂದವಳು ಸಂಜೆ ಬಂದದ್ದಕ್ಕೆ ಬಯ್ಯಿಸಿಕೊಂಡೆ. ಕಾರಣವನ್ನು ಹೇಳುವುದಕ್ಕೆ ರಾತ್ರಿ ಊಟದವರೆಗೂ ಬೇಕಾಯಿತು.

ಮುಂದಿನ ತಿಂಗಳು ಬೀಗತಿ ತಾವೇ ಸೊಸೆಯನ್ನು ಜೀಪಿನಲ್ಲಿ ಕರೆದುಕೊಂಡು ಹತ್ತಿಕುಣಿಗೆ ಬಂದರು. ಎರಡು ದಿನ ಇದ್ದು, ಒಲೆಯ ಮುಂದೆ ಬೀಗರನ್ನು ಕೂಡಿಸಿ, ಬಾಣಂತಿಗೆ ಯಾವುದನ್ನು ಎಷ್ಟು ಹಾಕಬೇಕೆಂದು ತೋರಿಸಿ ಹೋದರು. ಹೆರಿಗೆ ಯಾದಗಿರಿಯ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು. ಅವರು ಫೋನಿನಲ್ಲಿ ಹೇಳಿದ್ದನ್ನು ನಾನು ಆಪಾಗೆ ಫೋನು ಮಾಡಿ ಹೇಳಿದೆ. ಮೂರನೇ ದಿನ ನಾವಿಬ್ಬರೂ ಆಸ್ಪತ್ರೆಯ ಬಾಗಿಲಲ್ಲಿ ಭೇಟಿಯಾಗಿ ಕೂಸನ್ನು ನೋಡಿ ಬಂದೆವು.